ಹಳೆಯ ಡೀಸೆಲ್ ಕಾರಿನ ಎಕ್ಸಾಸ್ಟ್ ಜಾಯಿಂಟ್ ಸೋರಿದರೆ: ಪ್ಯಾಕಿಂಗ್ ಒಂದನ್ನೇ ಬದಲಿಸಿದರೆ ಸಾಲದು

ಎಂಜಿನ್ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಪೈಪಿನ ಜಾಯಿಂಟ್ ಸೋರಿದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟೇ. ಎರಡು ಲೋಹದ ಮೈಗಳ ನಡುವೆ ಕೂರುವ ಹಳೆಯ ಪ್ಯಾಕಿಂಗ್ (ಗ್ಯಾಸ್ಕೆಟ್) ಕಿತ್ತು, ಹೊಸದನ್ನಿಟ್ಟು, ನಟ್‌ಗಳನ್ನು ಬಲವಾಗಿ ಬಿಗಿಯುತ್ತಾರೆ. ಕೆಲವು ತಿಂಗಳು ಸದ್ದು ಅಡಗುತ್ತದೆ. ಆಮೇಲೆ ಅದೇ ಜಾಯಿಂಟ್, ಅದೇ ‘ಚಫ್ ಚಫ್’. ಪ್ಯಾಕಿಂಗ್ ಕಳಪೆಯದಿರಬೇಕು ಎಂದುಕೊಂಡು ಮತ್ತೊಂದು ತರುತ್ತಾರೆ. ಆದರೆ ಪ್ಯಾಕಿಂಗ್ ತಾನಾಗಿಯೇ ಹಾಳಾಗುವುದು ಅಪರೂಪ. ಎರಡೂ ಬದಿಯ ಲೋಹ ಸಮವಾಗಿದ್ದು, ಪೈಪು ತನ್ನ ಭಾರವನ್ನು ಜಾಯಿಂಟಿನ ಮೇಲೆ ಹೇರದೆ ಇದ್ದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಹಾಗಾಗಿ ರಿಪೇರಿಯ ಮೊದಲ ಪ್ರಶ್ನೆ ‘ಯಾವ ಪ್ಯಾಕಿಂಗ್ ತರಬೇಕು’ ಎಂಬುದಲ್ಲ, ‘ಈ ಜಾಯಿಂಟನ್ನು ಅಲುಗಾಡಿಸುತ್ತಿರುವುದು ಯಾವುದು’ ಎಂಬುದು.

ಪೈಪಿನ ದಾರಿಯನ್ನು ಮೊದಲು ಕಣ್ಣಮುಂದೆ ತಂದುಕೊಳ್ಳೋಣ. ಎಂಜಿನ್ ಹೆಡ್ಡಿಗೆ (ಮೇಲಿನ ಭಾಗಕ್ಕೆ) ಎಲ್ಲ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಕೂತಿರುತ್ತದೆ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಕಾರಿನಲ್ಲಿ ಮ್ಯಾನಿಫೋಲ್ಡಿನಿಂದ ಟರ್ಬೊಗೆ, ಅಲ್ಲಿಂದ ಕೆಳಗಿಳಿಯುವ ಡೌನ್‌ಪೈಪಿಗೆ ಹೊಗೆ ಹೋಗುತ್ತದೆ. ಟರ್ಬೊ ಇಲ್ಲದ ಹಳೆಯ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡಿನಿಂದ ನೇರವಾಗಿ ಡೌನ್‌ಪೈಪಿಗೆ. ಡೌನ್‌ಪೈಪಿನ ಆಚೆಗೆ ಹೆಣೆದ ತಂತಿಯ ಹೊದಿಕೆ ಇರುವ ಫ್ಲೆಕ್ಸ್ ಪೈಪು ಇಲ್ಲವೇ ಸ್ಪ್ರಿಂಗ್ ಜಾಯಿಂಟ್, ಕೆಲವು ಕಾರುಗಳಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ನಡುವಿನ ಪೈಪು, ಸೈಲೆನ್ಸರ್, ಕೊನೆಗೆ ಬಾಲದ ಪೈಪು. ಎಂಜಿನ್ ಹತ್ತಿರದ ಭಾಗ ಎಂಜಿನ್ ಜೊತೆ ಕುಲುಕುತ್ತದೆ. ಹಿಂದಿನ ಭಾಗ ರಬ್ಬರ್ ಹ್ಯಾಂಗರ್‌ಗಳ ಮೂಲಕ ಬಾಡಿಗೆ ತೂಗುಬಿದ್ದಿರುತ್ತದೆ. ಈ ಎರಡೂ ಚಲನೆಗಳು ಎದುರಾಗುವ ಜಾಗವೇ ಹೆಚ್ಚಾಗಿ ಸೋರುವ ಜಾಗ.

ಇದರ ಜೊತೆಗೆ ಬಿಸಿಯ ಎಳೆದಾಟವೂ ಇದೆ. 1 ಮೀಟರ್ ಉದ್ದದ ಸಾದಾ ಉಕ್ಕಿನ ಪೈಪು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 3.6 ಮಿ.ಮೀ. ಉದ್ದವಾಗುತ್ತದೆ, ಸ್ಟೇನ್‌ಲೆಸ್ ಉಕ್ಕಿನದ್ದಾದರೆ 5 ಮಿ.ಮೀ. ಹತ್ತಿರ. ಪ್ರತಿ ಓಡಾಟದಲ್ಲೂ ಪೈಪು ಹೀಗೆ ಹಿಗ್ಗಿ ಕುಗ್ಗುತ್ತದೆ. ಈ ಚಲನೆಗೆ ದಾರಿ ಇಲ್ಲದಿದ್ದರೆ ಸ್ಟಡ್ (ಒಂದು ತುದಿ ಲೋಹದೊಳಗೆ ನೆಟ್ಟ, ತಲೆಯಿಲ್ಲದ ಬೋಲ್ಟ್) ಎಳೆದುಕೊಳ್ಳುತ್ತದೆ, ಫ್ಲೇಂಜ್ (ಪೈಪಿನ ತುದಿಯಲ್ಲಿ ಬೋಲ್ಟ್ ಕೂರುವ ಅಗಲ ಅಂಚು) ಸೊಟ್ಟಗಾಗುತ್ತದೆ, ಪ್ಯಾಕಿಂಗ್ ಮೇಲಿನ ಒತ್ತಡ ಒಂದು ಬದಿಯಲ್ಲಿ ಸಡಿಲವಾಗುತ್ತದೆ. ಒಮ್ಮೆ ಕೂದಲೆಳೆಯಷ್ಟು ಸಂದಿ ಸಿಕ್ಕಿದರೆ ಸಾಕು, ಮಸಿ ತುಂಬಿದ ಬಿಸಿ ಅನಿಲ ಅಲ್ಲಿಂದ ನುಗ್ಗಿ ಆ ಸಂದಿಯನ್ನು ಕೊರೆಯುತ್ತಾ ಹೋಗುತ್ತದೆ. ತುಕ್ಕಿನ ಕೆಲಸ ಒಳಗಿನಿಂದಲೂ ನಡೆಯುತ್ತದೆ. 1 ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ 1 ಲೀಟರ್ ನೀರು ಆವಿಯಾಗಿ ಹೊಗೆಯಲ್ಲಿ ಬರುತ್ತದೆ. ಚಿಕ್ಕ ಚಿಕ್ಕ ಓಡಾಟವೇ ಹೆಚ್ಚಾಗಿರುವ ಕಾರಿನಲ್ಲಿ ಪೈಪು ಪೂರ್ತಿ ಬಿಸಿಯಾಗದೆ ಆ ನೀರು ಒಳಗೇ ಹನಿಗಟ್ಟಿ ನಿಲ್ಲುತ್ತದೆ. ಇಂಧನದ ಗಂಧಕ ಅದರಲ್ಲಿ ಬೆರೆತು ಆಮ್ಲವಾಗುತ್ತದೆ.

ಸೋರುವ ಜಾಗ ಯಾವುದು?

ಡೀಸೆಲ್ ಕಾರಿನ ತೊಂದರೆ ಏನೆಂದರೆ ಎಕ್ಸಾಸ್ಟ್ ಸೋರುತ್ತಿದ್ದರೂ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಪೆಟ್ರೋಲ್ ಕಾರಿನಲ್ಲಿ ಸೋರುವ ಸಂದಿಯಿಂದ ಹೊರಗಿನ ಗಾಳಿ ಒಳಸೇರಿ ಆಮ್ಲಜನಕದ ಸೆನ್ಸರ್ ದಾರಿತಪ್ಪುತ್ತದೆ, ಎಂಜಿನ್ ದೀಪ ಹತ್ತುತ್ತದೆ. ಹಳೆಯ ಡೀಸೆಲ್‌ಗಳಲ್ಲಿ ಹೆಚ್ಚಿನವಕ್ಕೆ ಆ ಸೆನ್ಸರೇ ಇಲ್ಲ. ಆದ್ದರಿಂದ ಕಿವಿ, ಮೂಗು, ಕಣ್ಣುಗಳನ್ನೇ ನಂಬಬೇಕು.

ಪರೀಕ್ಷೆಗೆ ಸರಿಯಾದ ಹೊತ್ತು ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಮೊದಲ ಬಾರಿ ಸ್ಟಾರ್ಟ್ ಮಾಡುವಾಗ. ಲೋಹ ತಣ್ಣಗಿದ್ದಾಗ ಸಂದಿ ಅತಿ ಅಗಲವಾಗಿರುತ್ತದೆ. ಮ್ಯಾನಿಫೋಲ್ಡ್ ಪ್ಯಾಕಿಂಗಿನ ಸೋರಿಕೆ ಮೊದಲ ಕೆಲವು ನಿಮಿಷ ‘ಟಿಕ್ ಟಿಕ್’ ಎಂದು ಕೇಳಿಸಿ, ಬಿಸಿಯಾದಂತೆ ಲೋಹ ಹಿಗ್ಗಿ ಸಂದಿ ಮುಚ್ಚಿ, ಸದ್ದು ಮಾಯವಾಗುತ್ತದೆ. ಸದ್ದು ಹೋಯಿತೆಂದು ಬಿಡುವಂತಿಲ್ಲ, ಮರುದಿನ ಬೆಳಗ್ಗೆ ಮತ್ತೆ ಬರುತ್ತದೆ. ಕೆಳಗಿನ ಫ್ಲೇಂಜ್ ಸೋರಿದರೆ ಸದ್ದು ದಪ್ಪವಾಗಿ, ಕಾರಿನ ನೆಲದಡಿಯಿಂದ ಬರುತ್ತದೆ. ಗೇರಿನಲ್ಲಿ ಎಳೆಯುವಾಗ ಜೋರಾಗುತ್ತದೆ.

ಮಸಿ ಸುಳ್ಳು ಹೇಳುವುದಿಲ್ಲ. ಸೋರುವ ಜಾಗದಿಂದ ಕಪ್ಪು ಗೀರು ಹೊರಟು ಹೊಗೆ ಚಿಮ್ಮಿದ ದಿಕ್ಕಿಗೆ ಹರಡಿರುತ್ತದೆ. ಟಾರ್ಚ್ ಹಿಡಿದು, ಚಿಕ್ಕ ಕನ್ನಡಿಯಿಂದ ಫ್ಲೇಂಜಿನ ಹಿಂಬದಿಯನ್ನೂ ನೋಡಬೇಕು. ಕಣ್ಣಿಗೆ ಸಿಗದಿದ್ದರೆ ಸಾಬೂನು ನೀರಿನ ಉಪಾಯ ಇದೆ. ಎಂಜಿನ್ ತಣ್ಣಗಿದ್ದು ಬಂದ್ ಆಗಿರುವಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಬಾಲದ ಪೈಪಿಗೆ ಬಟ್ಟೆ ಸುತ್ತಿ ಕೂರಿಸಿ, ಗಾಳಿ ಬಿಟ್ಟು, ಪ್ರತಿ ಜಾಯಿಂಟಿಗೂ ಸಾಬೂನು ನೀರು ಸಿಂಪಡಿಸಿದರೆ ಸೋರುವಲ್ಲಿ ನೊರೆ ಏಳುತ್ತದೆ. ಎಂಜಿನ್ ಓಡಿಸಿಕೊಂಡು ಬಾಲದ ಪೈಪಿಗೆ ದಪ್ಪ ಬಟ್ಟೆಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೂ ಸೋರಿಕೆಯ ಸದ್ದು ಜೋರಾಗುತ್ತದೆ. ಇದಕ್ಕೆ ಇನ್ನೊಬ್ಬರು ಬೇಕು, ತೆರೆದ ಬಯಲೂ ಬೇಕು.

ಡೀಸೆಲ್‌ನಲ್ಲಿ ಮಾತ್ರ ಬರುವ ಒಂದು ಗೊಂದಲವನ್ನು ಇಲ್ಲಿ ಬಿಡಿಸಿಕೊಳ್ಳಲೇಬೇಕು. ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಅಡಿಯಲ್ಲಿರುವ ತಾಮ್ರದ ವಾಷರ್ ಸೋರಿದರೂ ಅದೇ ‘ಚಫ್ ಚಫ್’ ಸದ್ದು, ಅದೇ ಹೊಗೆಯ ವಾಸನೆ. ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಇಂಜೆಕ್ಟರ್ ಸೋರಿದರೆ ಅದರ ಸುತ್ತ ಡಾಂಬರಿನಂಥ ಗಟ್ಟಿ ಕಪ್ಪು ಅಂಟು ಕಟ್ಟಿರುತ್ತದೆ, ಸದ್ದು ಎಂಜಿನ್ ಮೇಲ್ಭಾಗದಿಂದ ಬರುತ್ತದೆ. ಆ ರಿಪೇರಿಯೇ ಬೇರೆ. ಹೊಗೆಯ ಒಂದು ಪಾಲನ್ನು ಎಂಜಿನ್‌ಗೇ ಮರಳಿಸುವ ಇಜಿಆರ್ ಪೈಪಿನ ಜಾಯಿಂಟನ್ನೂ ಮರೆಯಬಾರದು, ಸಣ್ಣ ಫ್ಲೇಂಜಾದರೂ ಸೋರಿದರೆ ಹೊಗೆ ಎಂಜಿನ್ ಕೋಣೆಯೊಳಗೇ ತುಂಬುತ್ತದೆ.

ಸೋರಿಕೆ ಟರ್ಬೊಗೆ ಮುಂಚೆಯೋ ಆಮೇಲೋ ಎಂಬುದು ತುಂಬಾ ಮುಖ್ಯ. ಟರ್ಬೊಗೆ ಮುಂಚಿನ ಭಾಗದಲ್ಲಿ ಪೂರ್ತಿ ಭಾರದಲ್ಲಿ ಅನಿಲದ ಬಿಸಿ 700 ಡಿಗ್ರಿ ದಾಟಬಹುದು, ಒತ್ತಡವೂ ದೊಡ್ಡದು. ಅಲ್ಲಿ ಸೋರಿದರೆ ಟರ್ಬೊ ತಿರುಗಿಸಬೇಕಾದ ಶಕ್ತಿ ಪೋಲಾಗಿ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ತಡವಾಗಿ ಬಂದು, ಏರು ರಸ್ತೆಯಲ್ಲಿ ಕಾರು ಸೋತಂತೆನಿಸುತ್ತದೆ. ಬೂಸ್ಟ್ ನೋಡಿಕೊಂಡು ಇಂಧನ ಕೊಡುವ ಪಂಪಿದ್ದರೆ ಬಲ ಮಾತ್ರ ಕುಗ್ಗುತ್ತದೆ, ಅಂಥ ಹಿಡಿತ ಕೆಲಸ ಮಾಡದಿದ್ದರೆ ಗಾಳಿ ಸಾಲದೆ ಕಪ್ಪು ಹೊಗೆಯೂ ಬರುತ್ತದೆ. ಟರ್ಬೊ ದಾಟಿದ ಮೇಲೆ ಒತ್ತಡ ಬಹಳ ಕಡಿಮೆ, ಅಲ್ಲಿನ ಸೋರಿಕೆಯಿಂದ ಮುಖ್ಯವಾಗಿ ಸದ್ದು ಮತ್ತು ಹೊಗೆ.

ಆ ಹೊಗೆಯನ್ನು ಹಗುರವಾಗಿ ಕಾಣಬಾರದು. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ ಕಾರ್ಬನ್ ಮಾನಾಕ್ಸೈಡ್ ಹೊರಬಿಡುತ್ತದೆ ನಿಜ, ಆದರೆ ಇಲ್ಲವೆಂದಲ್ಲ. ಮಸಿಯ ಕಣ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಧಾರಾಳವಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬ್ಲೋವರ್ ಹಾಕಿದಾಗ ಕಾರಿನೊಳಗೆ ಹೊಗೆ ವಾಸನೆ ಬಂದರೆ ರಿಪೇರಿಯನ್ನು ಮುಂದಕ್ಕೆ ಹಾಕುವಂತೆಯೇ ಇಲ್ಲ. ಅದರಲ್ಲೂ ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುವ ಕಾರಿನಲ್ಲಿ.

ನಟ್ ಬಿಚ್ಚುವುದೇ ಅರ್ಧ ಕೆಲಸ

ಹಳೆಯ ಕಾರಿನಲ್ಲಿ ಹೊಸ ಪ್ಯಾಕಿಂಗ್ ಕೂರಿಸಲು ಹತ್ತು ನಿಮಿಷ ಸಾಕು. ನಟ್ ಬಿಚ್ಚಲು ಅರ್ಧ ದಿನ ಹಿಡಿಯಬಹುದು. ಹಿಂದಿನ ದಿನವೇ ಕೆಲಸ ಶುರುವಾಗಬೇಕು. ತಣ್ಣಗಿನ ಪೈಪಿನಲ್ಲಿ ಸ್ಟಡ್‌ಗಳ ಹೊರಚಾಚಿದ ಥ್ರೆಡ್ಡುಗಳನ್ನು ತಂತಿ ಬ್ರಶ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕೆಲವು ಗಂಟೆ ಬಿಟ್ಟು ಮತ್ತೆ ಹಾಕಿ, ರಾತ್ರಿ ಬಿಡಬೇಕು. ಬ್ರಶ್ ಹಾಕುವುದನ್ನು ಬಿಡಬಾರದು. ನಟ್ ಹೊರಬರುವ ದಾರಿಯಲ್ಲಿ ತುಕ್ಕಿನ ಪುಡಿ ಗಟ್ಟಿಯಾಗಿ ಕೂತಿದ್ದರೆ, ಸಡಿಲವಾದ ನಟ್ ಕೂಡ ಅರ್ಧಕ್ಕೆ ಬಂದು ಸಿಕ್ಕಿಕೊಂಡು ಸ್ಟಡ್ ಮುರಿಯುತ್ತದೆ. ಬಿಸಿ ಪೈಪಿನ ಮೇಲೆ ಈ ಎಣ್ಣೆ ಸಿಂಪಡಿಸಿದರೆ ಬೆಂಕಿ ಹತ್ತಬಹುದು.

ಕಾರನ್ನು ಎತ್ತುವಾಗ ಗಟ್ಟಿ ಸಮತಟ್ಟು ನೆಲ ಬೇಕು. ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡಕಟ್ಟೆ ಇಟ್ಟು, ಜಾಕ್‌ನಿಂದ ಎತ್ತಿ, ತಯಾರಕರು ಸೂಚಿಸಿದ ಜಾಗದಲ್ಲಿ ಸ್ಟ್ಯಾಂಡ್ ಕೊಟ್ಟು, ಕಾರನ್ನು ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಿದ ಮೇಲೇ ಕೆಳಗೆ ಹೋಗಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನಡಿಗೆ, ಒಂದು ನಿಮಿಷದ ಕೆಲಸವಾದರೂ, ಹೋಗಬಾರದು. ತುಕ್ಕು ಹಿಡಿದ ನಟ್ ಬಿಚ್ಚುವಾಗ ಹಾಕುವ ಬಲ ಕಾರನ್ನು ಪಕ್ಕಕ್ಕೆ ಎಳೆಯುತ್ತದೆ ಎಂಬುದು ನೆನಪಿರಲಿ. ಕಣ್ಣಿಗೆ ಕನ್ನಡಕ ಬೇಕೇಬೇಕು, ಮಲಗಿ ಕೆಲಸ ಮಾಡುವಾಗ ತುಕ್ಕಿನ ಚೂರು ನೇರ ಕಣ್ಣಿಗೇ ಬೀಳುತ್ತದೆ.

ಸಾಧನಗಳಲ್ಲಿ ಒಂದು ವಿಷಯಕ್ಕೆ ಮಾತ್ರ ಒತ್ತು ಕೊಡುತ್ತೇವೆ: ಸಾಕೆಟ್ ಆರು ಮೂಲೆಯದ್ದಾಗಿರಲಿ. ಹನ್ನೆರಡು ಮೂಲೆಯದ್ದು ತುಕ್ಕು ತಿಂದು ಸಣ್ಣಗಾದ ನಟ್‌ನ ಮೂಲೆಗಳನ್ನು ಸವರಿಬಿಡುತ್ತದೆ. 13 ಮಿ.ಮೀ. ನಟ್ ತುಕ್ಕು ಹಿಡಿದು ಸವೆದಿದ್ದರೆ 12 ಮಿ.ಮೀ. ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹಿಡಿತ ಸಿಗುತ್ತದೆ.

ಬಿಚ್ಚುವಾಗ ಮೊದಲು ಬಿಗಿಯುವ ದಿಕ್ಕಿಗೆ ಅತಿ ಸ್ವಲ್ಪ ಒತ್ತಿ ತುಕ್ಕಿನ ಹಿಡಿತ ಒಡೆಯಬೇಕು, ಆಮೇಲೆ ಕಾಲು ಸುತ್ತು ಹಿಂದೆ, ಮತ್ತೆ ಸ್ವಲ್ಪ ಮುಂದೆ, ನಡುನಡುವೆ ಎಣ್ಣೆ. ಇಲ್ಲಿ ತಾಳ್ಮೆಯ ಬೆಲೆ ದೊಡ್ಡದು. ನಟ್ ತಿರುಗುತ್ತಿರುವಂತೆ ಅನಿಸಿದರೂ ಕೈಗೆ ಮೆತ್ತಗೆ, ರಬ್ಬರಿನಂತೆ ಸಿಕ್ಕಿದರೆ ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ನಟ್ ಅಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ. ಇನ್ನೊಂದಿಷ್ಟು ಬಲ ಹಾಕಿದರೆ ಮುರಿಯುತ್ತದೆ.

ಅಂಥ ನಟ್‌ಗೆ ಬಿಸಿಯೇ ಮದ್ದು. ಗ್ಯಾಸ್ ಟಾರ್ಚಿನಿಂದ ನಟ್‌ನ ಹೊರಮೈಯನ್ನು ಮಂದ ಕೆಂಪಾಗುವವರೆಗೆ ಕಾಯಿಸಬೇಕು, ಸ್ಟಡ್‌ಗೆ ಆದಷ್ಟು ಬಿಸಿ ತಾಗದಿರಲಿ. ನಟ್ ಹಿಗ್ಗಿ ತುಕ್ಕಿನ ಹಿಡಿತ ಒಡೆಯುತ್ತದೆ. ಕೆಂಪು ಆರಿದ ಮೇಲೆ, ಇನ್ನೂ ಬಿಸಿ ಇರುವಾಗಲೇ ಸ್ಪ್ಯಾನರ್ ಹಾಕಿ. ಇಂಧನದ ಪೈಪು, ಬ್ರೇಕ್ ಪೈಪು, ವೈರಿಂಗ್, ನೆಲಕ್ಕೆ ಬಳಿದ ಡಾಂಬರಿನಂಥ ಲೇಪ ಇವೆಲ್ಲ ಹತ್ತಿರವೇ ಇರುವುದರಿಂದ ನಡುವೆ ತಗಡು ಹಿಡಿದು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಬೇಕು. ಮುಂಚೆ ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸಿರಬೇಕು. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದು ಕೆಂಪು ಬಿಸಿಗೆ ಅಥವಾ ವೆಲ್ಡಿಂಗ್ ಕಿಡಿಗೆ ಸಿಕ್ಕಿದರೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಕಾಯಿಸಬೇಕಾದ ಜಾಗವನ್ನು ಅದರಿಂದ ಎಂದೂ ತೊಳೆಯಬಾರದು.

ಬೆಂಕಿ ಹಿಡಿಯಲು ಜಾಗವಿಲ್ಲದಿದ್ದರೆ ನಟ್ ಸೀಳುವ ಸಾಧನ, ಇಲ್ಲವೇ ಗ್ರೈಂಡರಿನಿಂದ ನಟ್‌ನ ಒಂದು ಮೈಯನ್ನು ಥ್ರೆಡ್‌ಗೆ ತಾಗದಂತೆ ಕೊಯ್ದು ಉಳಿಯಿಂದ ಬಿಡಿಸುವುದು ಉತ್ತಮ. ಹಳೆಯ ನಟ್ ಹೇಗೂ ಮರುಬಳಕೆಗಲ್ಲ.

ಸ್ಟಡ್ ಮುರಿದರೆ ಗಾಬರಿಯಾಗಬೇಕಿಲ್ಲ, ಮುರಿದದ್ದು ಎಲ್ಲಿ ಎಂದು ನೋಡಬೇಕು. ಪೈಪಿನ ಫ್ಲೇಂಜಿನಲ್ಲಿ ಆರಪಾರ ತೂತಿದ್ದರೆ ಕೆಲಸ ಸುಲಭ. ಉಳಿದ ತುಂಡನ್ನು ಡ್ರಿಲ್ ಮಾಡಿ ತೆಗೆದು, ಎಂ8 (8 ಮಿ.ಮೀ. ವ್ಯಾಸದ) ಬೋಲ್ಟಿಗೆ 9 ಮಿ.ಮೀ. ತೂತು ಮಾಡಿ ಬೋಲ್ಟ್ ಮತ್ತು ನಟ್ ಹಾಕಿದರೆ ಮುಂದಿನ ಸಲ ಬಿಚ್ಚುವುದೂ ಸಲೀಸು. ಟರ್ಬೊ ಅಥವಾ ಮ್ಯಾನಿಫೋಲ್ಡಿನ ಎರಕದೊಳಗೆ ಮುರಿದರೆ ಬೇರೆ ದಾರಿ ಬೇಕು. ತುಂಡು ಸ್ವಲ್ಪ ಹೊರಚಾಚಿದ್ದರೆ ಅದಕ್ಕೊಂದು ನಟ್ ವೆಲ್ಡ್ ಮಾಡಿ, ಆ ಬಿಸಿಯಲ್ಲೇ ಹಿಂದೆ ಮುಂದೆ ಆಡಿಸಿ ತೆಗೆಯಬಹುದು. ವೆಲ್ಡಿಂಗ್ ಮುಂಚೆ ಬ್ಯಾಟರಿಯ ವೈರುಗಳನ್ನು ಬಿಚ್ಚಿರಬೇಕು. ಮಟ್ಟಸವಾಗಿ ಮುರಿದಿದ್ದರೆ ಮಧ್ಯಕ್ಕೆ ಸರಿಯಾಗಿ ಪಂಚ್ ಹೊಡೆದು 3 ಮಿ.ಮೀ. ಬಿಟ್‌ನಿಂದ ಶುರುಮಾಡಿ ಹಂತಹಂತವಾಗಿ ದೊಡ್ಡದು ಮಾಡಬೇಕು. ಎಂ8 ಸ್ಟಡ್ಡಿನ ಥ್ರೆಡ್ ಅಂತರ 1.25 ಮಿ.ಮೀ. ಆದರೆ ಟ್ಯಾಪ್ ಹಾಕಲು (ಹೊಸ ಥ್ರೆಡ್ ಕೊರೆಯಲು) 6.8 ಮಿ.ಮೀ. ತೂತು, ಎಂ10ರ ಅಂತರ 1.5 ಆದರೆ 8.5 ಮಿ.ಮೀ. ಪಂಚ್ ಒಂದು ಮಿಲಿಮೀಟರ್ ಆಚೀಚೆ ಆದರೂ ಬಿಟ್ ಮೆತ್ತಗಿನ ಎರಕದ ಕಡೆಗೆ ಜಾರಿ ತೂತು ಓರೆಯಾಗುತ್ತದೆ. ಇಲ್ಲಿ ಒಡೆದ ಸ್ಟಡ್ ತೆಗೆಯುವ ಸಣ್ಣ ಎಕ್ಸ್‌ಟ್ರಾಕ್ಟರನ್ನು ನಂಬುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಅದರ ಉಕ್ಕು ಅತಿ ಗಟ್ಟಿ. ಬಿಸಿಗೆ ಬೆಸೆದುಕೊಂಡ ಸ್ಟಡ್‌ನಲ್ಲಿ ಅದೂ ಮುರಿದರೆ ಯಾವ ಸಾಮಾನ್ಯ ಬಿಟ್‌ಗೂ ಅದು ಜಗ್ಗುವುದಿಲ್ಲ. ಟರ್ಬೊ ಹೌಸಿಂಗನ್ನು ಬಿಚ್ಚಿ ಮೆಷಿನ್ ಶಾಪಿಗೆ ಕೊಡುವುದು ಆಗ ಅಗ್ಗದ ದಾರಿ.

ಫ್ಲೇಂಜಿನ ಮೈ ನೋಡದೆ ಪ್ಯಾಕಿಂಗ್ ಇಡಬೇಡಿ

ಜಾಯಿಂಟ್ ಬಿಚ್ಚಿದ ಮೇಲೆ ಹಳೆಯ ಪ್ಯಾಕಿಂಗನ್ನು ಕೂಡಲೇ ಎಸೆಯಬಾರದು. ಸೋರಿಕೆಯ ಇಡೀ ಚರಿತ್ರೆ ಅದರ ಮೇಲೆ ಬರೆದಿರುತ್ತದೆ. ಸುತ್ತಲೂ ಒಂದೇ ಬಣ್ಣದಲ್ಲಿ ಒತ್ತಿದ ಗುರುತಿದ್ದು ಒಂದೇ ಕಡೆ ಕಪ್ಪು ದಾರಿ ಇದ್ದರೆ ಆ ಬದಿಯ ಸ್ಟಡ್ ಸಡಿಲವಾಗಿತ್ತು, ಇಲ್ಲವೇ ಅಲ್ಲಿ ಫ್ಲೇಂಜ್ ತಗ್ಗಾಗಿದೆ. ಮೇಲ್ಭಾಗ ಪೂರ್ತಿ ಸುಟ್ಟು ಕೆಳಭಾಗ ಚೆನ್ನಾಗಿದ್ದರೆ ಹಿಂದಿನ ಪೈಪು ಕೆಳಕ್ಕೆ ಜೋತುಬಿದ್ದು ಜಾಯಿಂಟಿನ ಮೇಲ್ಬದಿಯನ್ನು ಬಾಯಿ ತೆರೆಸಿದೆ ಎಂದರ್ಥ, ಹ್ಯಾಂಗರ್ ನೋಡಬೇಕು. ಎಲ್ಲೆಡೆ ಉಜ್ಜಿ ಹೊಳಪಾಗಿದ್ದರೆ ಎರಡು ಫ್ಲೇಂಜುಗಳ ನಡುವೆ ಚಲನೆ ನಡೆದಿದೆ, ಎಂಜಿನ್ ಮೌಂಟ್ (ಎಂಜಿನ್ ಹೊತ್ತ ರಬ್ಬರ್ ಆಧಾರ) ಅಥವಾ ಫ್ಲೆಕ್ಸ್ ಪೈಪು ಕೆಟ್ಟಿರುವ ಸಾಧ್ಯತೆ ಹೆಚ್ಚು.

ತೀರಾ ಹಳೆಯ ಕಾರುಗಳ ಪ್ಯಾಕಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ನಾರಿನಂತೆ ಬೂದು ಬಿಳಿ ಬಣ್ಣದ್ದು ಸಿಕ್ಕಿದರೆ ನೀರು ಚಿಮುಕಿಸಿ ಒದ್ದೆ ಮಾಡಿ, ಸೂಕ್ಷ್ಮ ಕಣ ತಡೆಯುವ ಮಾಸ್ಕ್ ಹಾಕಿ, ಕೈ ಉಪಕರಣದಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಗ್ರೈಂಡರಿಗೆ ಕಟ್ಟಿದ ತಂತಿ ಬ್ರಶ್‌ನಿಂದ ಒಣಗಿದ್ದಂತೆಯೇ ಉಜ್ಜಿದರೆ ಅದರ ಧೂಳೆಲ್ಲ ಶ್ವಾಸಕೋಶಕ್ಕೆ.

ಮೈ ಸ್ವಚ್ಛವಾದ ಮೇಲೆ ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಫ್ಲೇಂಜಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಇಟ್ಟು ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ. 0.2 ಮಿ.ಮೀ. ಎಲೆ ತೂರದಿದ್ದರೆ ಕೆಳಗಿನ ಪೈಪಿನ ಜಾಯಿಂಟಿಗೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಅಗಲವಾದ ಚಪ್ಪಟೆ ಅರದಿಂದ ಇಡೀ ಮೈಗೆ ತಾಗುವಂತೆ ಉಜ್ಜಿ ಸಮ ಮಾಡಬೇಕು. ಎರಡು ಬೋಲ್ಟಿನ ಫ್ಲೇಂಜುಗಳಲ್ಲಿ ಒಂದು ರೋಗ ಪದೇಪದೇ ಕಾಣುತ್ತದೆ. ವರ್ಷಗಳಿಂದ ಜನ ಬಿಗಿಯುತ್ತಲೇ ಬಂದಿರುವುದರಿಂದ ಎರಡು ಕಿವಿಗಳು ಮುಂದಕ್ಕೆ ಬಾಗಿ, ನಡುವೆ ಪೈಪಿನ ಸುತ್ತಲೇ ಸಂದಿ ಬಿದ್ದಿರುತ್ತದೆ. ಇದಕ್ಕೆ ಇನ್ನಷ್ಟು ಬಿಗಿದಷ್ಟೂ ಸೋರಿಕೆ ಹೆಚ್ಚು. ಫ್ಲೇಂಜನ್ನು ಕಾಯಿಸಿ ನೇರ ಮಾಡಬೇಕು, ತುಕ್ಕಿಗೆ ತೆಳ್ಳಗಾಗಿದ್ದರೆ ಕೊಯ್ದು ಹೊಸ ಫ್ಲೇಂಜ್ ವೆಲ್ಡ್ ಮಾಡಿಸಬೇಕು.

ಯಾವ ಜಾಯಿಂಟಿಗೆ ಯಾವ ಪ್ಯಾಕಿಂಗ್?

ಚಪ್ಪಟೆ ಫ್ಲೇಂಜಿಗೆ ಬರುವುದು ಉಕ್ಕಿನ ಹಾಳೆಗಳ ಪದರದ ಅಥವಾ ಗ್ರಾಫೈಟ್ ಮೆತ್ತಿದ ಪ್ಯಾಕಿಂಗ್. ಒಣಗಿದ್ದಂತೆಯೇ ಕೂರಿಸಬೇಕು, ಯಾವ ಅಂಟೂ ಬೇಡ. ಕೆಂಪು ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಸುಮಾರು 300 ಡಿಗ್ರಿಯ ಆಸುಪಾಸಿನವರೆಗೆ ತಾಳುವ ವಸ್ತು. ಡೌನ್‌ಪೈಪಿನ ಹತ್ತಿರ ಸುಟ್ಟು ಉದುರುತ್ತದೆ, ಉದುರಿದ ಜಾಗದಲ್ಲಿ ಬೋಲ್ಟಿನ ಬಿಗಿ ಸಡಿಲಾಗುತ್ತದೆ. ಅಂದರೆ ಸೋರಿಕೆ ನಿಲ್ಲಿಸಲು ಹಾಕಿದ್ದೇ ಸೋರಿಕೆಗೆ ಕಾರಣವಾಗುತ್ತದೆ. ಟರ್ಬೊಗೆ ಮುಂಚಿನ ಜಾಯಿಂಟಿಗಂತೂ ಯಾವ ಪೇಸ್ಟನ್ನೂ ಹಾಕಬಾರದು. ಗಟ್ಟಿಯಾದ ಚೂರು ಒಳಗೆ ಉದುರಿದರೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೈನ್ ರೆಕ್ಕೆಗೆ ಅದು ಬಡಿಯುತ್ತದೆ.

ಎರಡನೆಯದು ಸ್ಪ್ರಿಂಗ್ ಬೋಲ್ಟಿನ ಉರುಟು ಜಾಯಿಂಟ್. ಇದನ್ನು ತಪ್ಪಾಗಿ ಜೋಡಿಸುವವರೇ ಹೆಚ್ಚು, ಹಾಗಾಗಿ ಸ್ವಲ್ಪ ವಿವರ ಬೇಕು. ದಪ್ಪ ಬಳೆಯಂತಿರುವ ಡೋನಟ್ ರಿಂಗಿನ ಒಂದು ಮೈ ಗೋಳಾಕಾರದಲ್ಲಿ ಬಾಗಿರುತ್ತದೆ, ಅದು ಎದುರಿನ ಬಟ್ಟಲಿನಾಕಾರದ ಫ್ಲೇಂಜಿನೊಳಗೆ ಕೂರುತ್ತದೆ. ಎಂಜಿನ್ ಕುಲುಕಿದಾಗ ಈ ಜಾಯಿಂಟ್ ಕೀಲಿನಂತೆ ಓಲಾಡಲೆಂದೇ ಮಾಡಿದ್ದು. ಒತ್ತಿ ಹಿಡಿಯುವ ಕೆಲಸ ಸ್ಪ್ರಿಂಗಿನದು, ಬೋಲ್ಟಿನದಲ್ಲ. ಬೋಲ್ಟಿನ ಮಧ್ಯದಲ್ಲಿ ಮೆಟ್ಟಿಲಿನಂಥ ಭುಜ ಇರುತ್ತದೆ, ಆ ಭುಜ ಫ್ಲೇಂಜಿಗೆ ತಾಗುವವರೆಗೆ ಮಾತ್ರ ಬಿಗಿಯಬೇಕು. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುವಷ್ಟು ಬಿಗಿದರೆ, ಅಥವಾ ಸ್ಪ್ರಿಂಗ್ ತುಕ್ಕು ಹಿಡಿದಿದೆಯೆಂದು ಸಾದಾ ಬೋಲ್ಟ್ ಹಾಕಿ ಬಿಗಿದರೆ, ಓಲಾಟ ನಿಲ್ಲುತ್ತದೆ. ಆ ಚಲನೆ ಆಗ ಪೈಪಿಗೋ ಮ್ಯಾನಿಫೋಲ್ಡ್ ಸ್ಟಡ್‌ಗೋ ಹೋಗಿ ಬಿರುಕು ಬಿಡಿಸುತ್ತದೆ. ರಿಂಗ್ ಬದಲಿಸುವಾಗ ಬೋಲ್ಟು ಸ್ಪ್ರಿಂಗುಗಳನ್ನೂ ಹೊಸದಾಗಿ ಹಾಕಬೇಕು, ಬಿಸಿಯಲ್ಲಿ ಹಳೆಯ ಸ್ಪ್ರಿಂಗ್ ತನ್ನ ಬಲ ಕಳೆದುಕೊಂಡಿರುತ್ತದೆ. ಬಟ್ಟಲಿನ ಒಳಮೈಯಲ್ಲಿ ಗುಳಿ ಬಿದ್ದಿದ್ದರೆ ಹೊಸ ರಿಂಗ್ ಬೇಗ ಸವೆಯುತ್ತದೆ. ಪೇಸ್ಟ್ ಇಲ್ಲಿಯೂ ಬೇಡ.

ಮೂರನೆಯದು ಒಂದು ಪೈಪಿನೊಳಗೆ ಇನ್ನೊಂದು ತೂರುವ ಸ್ಲಿಪ್ ಜಾಯಿಂಟ್. ಸಾಮಾನ್ಯವಾಗಿ ಸೈಲೆನ್ಸರಿನ ಹತ್ತಿರ ಇರುತ್ತದೆ. ಎಕ್ಸಾಸ್ಟ್ ಪೇಸ್ಟಿಗೆ ನ್ಯಾಯವಾದ ಜಾಗ ಇದೊಂದೇ. ಒಳ ಪೈಪಿನ ಹೊರಮೈಗೆ ತೆಳುವಾಗಿ ಹಚ್ಚಿ, ತುದಿಯ 10 ಮಿ.ಮೀ. ಖಾಲಿ ಬಿಟ್ಟು, 40ರಿಂದ 50 ಮಿ.ಮೀ. ಒಳಗೆ ತೂರಿಸಿ ಕ್ಲ್ಯಾಂಪ್ ಬಿಗಿಯಬೇಕು. ಯು ಆಕಾರದ ಕ್ಲ್ಯಾಂಪ್ ಪೈಪನ್ನು ಹಿಸುಕಿ ಹಿಡಿಯುತ್ತದೆ, ಮುಂದಿನ ಸಲ ಕೊಯ್ಯದೆ ಬಿಚ್ಚಲಾಗದು. ಅಗಲ ಪಟ್ಟಿಯ ಕ್ಲ್ಯಾಂಪ್ ಸುತ್ತಲೂ ಸಮವಾಗಿ ಒತ್ತುವುದರಿಂದ ಅದೇ ಒಳ್ಳೆಯದು. ಅದನ್ನು ತರುವ ಮುಂಚೆ ಹೊರ ಪೈಪಿನ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಬೇಕು, ಕಣ್ಣಂದಾಜಿನಲ್ಲಿ 48 ಮತ್ತು 50 ಮಿ.ಮೀ. ಒಂದೇ ಥರ ಕಾಣುತ್ತವೆ. ಸಿಕ್ಕಿಕೊಂಡ ಹಳೆಯ ಸ್ಲಿಪ್ ಜಾಯಿಂಟನ್ನು ಬಿಡಿಸಲು ಹೊರ ಪೈಪನ್ನು ಉದ್ದಕ್ಕೆ ತೆಳು ಡಿಸ್ಕಿನಿಂದ ಸೀಳಿ ಉಳಿಯಿಂದ ಎಬ್ಬಿಸಿದರೆ ಒಳ ಪೈಪು ಉಳಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಹತ್ತಿರ ಸುತ್ತಿಗೆ ಪ್ರಯೋಗ ಬೇಡ, ಅದರೊಳಗಿನ ಪಿಂಗಾಣಿಯ ಜೇನುಗೂಡು ಒಡೆದರೆ ಪೈಪೇ ಕಟ್ಟಿಕೊಳ್ಳುತ್ತದೆ.

ಮ್ಯಾನಿಫೋಲ್ಡ್ ಪ್ಯಾಕಿಂಗ್ ಬೇರೆಯೇ ಮಟ್ಟದ ಕೆಲಸ. ಹೆಚ್ಚಿನ ಕಾರುಗಳಲ್ಲಿ ಹೆಡ್ ಅಲ್ಯೂಮಿನಿಯಂ, ಮ್ಯಾನಿಫೋಲ್ಡ್ ಎರಕದ ಕಬ್ಬಿಣ. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪ್ಯಾಕಿಂಗ್ ಮೇಲೆ ಮ್ಯಾನಿಫೋಲ್ಡ್ ಜಾರುತ್ತಲೇ ಇರುತ್ತದೆ. ತುದಿಯ ಸ್ಟಡ್‌ಗಳೇ ಮೊದಲು ಮುರಿಯುವುದು ಇದರಿಂದಾಗಿಯೇ. ಮ್ಯಾನಿಫೋಲ್ಡ್ ಬಾಗಿದ್ದರೆ ಮೆಷಿನ್‌ನಲ್ಲಿ ಸಮಮಾಡಿಸಬೇಕು, ನಟ್‌ಗಳನ್ನು ನಡುವಿನಿಂದ ತುದಿಗಳ ಕಡೆಗೆ ಬಿಗಿಯುತ್ತಾ ಹೋಗಬೇಕು.

ಭಾರ ಯಾರ ಮೇಲೆ ಬೀಳುತ್ತಿದೆ?

ಹೊಸ ಪ್ಯಾಕಿಂಗ್ ಕೈಯಲ್ಲಿದ್ದರೂ ಜೋಡಿಸುವ ಮುಂಚೆ ಇದನ್ನು ನೋಡಿ ಮುಗಿಸಬೇಕು. ಬಿಚ್ಚಿದ ಎರಡು ಫ್ಲೇಂಜುಗಳನ್ನು ಯಾರೂ ಹಿಡಿಯದೆ ಬಿಟ್ಟಾಗ ಅವು ಒಂದಕ್ಕೊಂದು ಎದುರಾಗಿ, ಸಮಾಂತರವಾಗಿ ನಿಲ್ಲಬೇಕು. ಕೈಯಿಂದ ಸ್ವಲ್ಪ ತಳ್ಳಿದರೆ ಕೂಡಬೇಕು. ಜಾಕ್ ಕೊಟ್ಟು ಎತ್ತಿಯೋ ಬೋಲ್ಟಿನಿಂದ ಎಳೆದೋ ಕೂಡಿಸಬೇಕಾಗಿ ಬಂದರೆ, ಆ ಎಳೆತವೆಲ್ಲ ಹಗಲಿರುಳು ಪ್ಯಾಕಿಂಗಿನ ಮೇಲೆ ಇರುತ್ತದೆ.

ರಬ್ಬರ್ ಹ್ಯಾಂಗರ್‌ಗಳನ್ನು ಒಂದೊಂದಾಗಿ ಹಿಂಡಿ ನೋಡಿ, ಬಿರುಕು ಬಿಟ್ಟದ್ದು ಅಥವಾ ಉದ್ದಕ್ಕೆ ಎಳೆದುಕೊಂಡದ್ದು ಹೋಗಬೇಕು. ಅಗ್ಗದ ರಬ್ಬರಿಗೆ ಕೈಚಾಚುವುದಕ್ಕಿಂತ ಅದೇ ಉದ್ದದ, ಅದೇ ಗಡಸುತನದ್ದು ಹಾಕುವುದು ಮುಖ್ಯ. ಹ್ಯಾಂಗರ್ ಬದಲು ತಂತಿ ಕಟ್ಟಿದರೆ ಪೈಪಿನ ನಡುಕವೆಲ್ಲ ಬಾಡಿಗೂ ಜಾಯಿಂಟಿಗೂ ಹೋಗುತ್ತದೆ. ಆಮೇಲೆ ಎಂಜಿನ್ ಮೌಂಟ್. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಹಾಕಿ, ಒಬ್ಬರು ಎಂಜಿನ್ ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಿದರೆ ಸಾಕು. ಡೀಸೆಲ್ ಎಂಜಿನ್ ಸ್ವಲ್ಪ ಕುಲುಕುವುದು ಸಹಜ, ಆದರೆ ‘ದಡ್’ ಎಂದು ಹಾರಿ ಕೂತರೆ ಮೌಂಟ್ ಹೋಗಿದೆ. ಅಡ್ಡಲಾಗಿ ಕೂತ ಎಂಜಿನ್‌ಗಳಲ್ಲಿ ಕೆಳಗಿನ ಟಾರ್ಕ್ ಮೌಂಟ್ ಸಡಿಲವಾದರೆ ಪ್ರತಿ ಗೇರ್ ಬದಲಾವಣೆಯಲ್ಲೂ ಡೌನ್‌ಪೈಪು ಹಿಂದೆ ಮುಂದೆ ಎಳೆದಾಡುತ್ತದೆ. ಇಂಥ ಕಾರಿಗೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಪ್ರಯೋಜನವಿಲ್ಲ. ಫ್ಲೆಕ್ಸ್ ಪೈಪಿನ ಹೆಣಿಗೆ ಬಿಚ್ಚಿಕೊಂಡಿದ್ದರೆ, ಮಸಿ ಹಿಡಿದಿದ್ದರೆ, ಅಥವಾ ಮೇಲೆ ವೆಲ್ಡ್ ಮಾಡಿ ಗಟ್ಟಿ ಮಾಡಿದ್ದರೆ ಅದನ್ನೂ ಬದಲಿಸಬೇಕು.

ಜೋಡಣೆ, ಪರೀಕ್ಷೆ

ಎಕ್ಸಾಸ್ಟಿಗೆ ಬಳಸುವ ನಟ್ ತಾಮ್ರ ಲೇಪಿತ ಲಾಕ್ ನಟ್ ಅಥವಾ ಉದ್ದನೆಯ ಹಿತ್ತಾಳೆ ನಟ್ ಆಗಿರಲಿ. ಸ್ಟೇನ್‌ಲೆಸ್ ಸ್ಟಡ್‌ಗೆ ಸ್ಟೇನ್‌ಲೆಸ್ ನಟ್ ಹಾಕಿದರೆ ಬಿಗಿಯುವಾಗಲೇ ಎರಡೂ ಕಚ್ಚಿಕೊಳ್ಳುವ ಅಪಾಯವಿದೆ. ನೈಲಾನ್ ಉಂಗುರದ ಲಾಕ್ ನಟ್ ಮೊದಲ ಬಿಸಿಗೇ ಕರಗುತ್ತದೆ. ಥ್ರೆಡ್‌ಗೆ ಅದು ಕಚ್ಚಿಕೊಳ್ಳದಂತೆ ತಡೆಯುವ, ಅತಿ ಬಿಸಿ ತಾಳುವ ಆ್ಯಂಟಿ ಸೀಜ್ ಪೇಸ್ಟನ್ನು ತೆಳುವಾಗಿ ಹಚ್ಚಬೇಕು, ಪ್ಯಾಕಿಂಗ್ ಮೈಗೆ ತಾಗದಿರಲಿ. ಒಂದು ಎಚ್ಚರಿಕೆ: ಈ ಪೇಸ್ಟ್ ಘರ್ಷಣೆ ಕಡಿಮೆ ಮಾಡುವುದರಿಂದ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನೇ (ಬಿಗಿಯುವ ತಿರುಚು ಬಲವನ್ನೇ) ಹಾಕಿದರೆ ಸ್ಟಡ್ ಮೇಲಿನ ಎಳೆತ ಹೆಚ್ಚಾಗುತ್ತದೆ.

ಎಲ್ಲ ಜಾಯಿಂಟುಗಳನ್ನೂ ಮೊದಲು ಬೆರಳಿನಿಂದ ಬಿಗಿಯುವಷ್ಟೇ ಸಡಿಲವಾಗಿ ಕೂರಿಸಿ, ಹ್ಯಾಂಗರ್‌ಗಳನ್ನೆಲ್ಲ ತೂಗುಹಾಕಿ, ಪೈಪು ತನ್ನ ಸಹಜ ಜಾಗಕ್ಕೆ ಬಂದು ನಿಂತ ಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು. ಒಂದು ಜಾಯಿಂಟನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಕೊನೆಯದು ಎಳೆದು ಕೂಡಿಸುವಂತಾಗುತ್ತದೆ. ಮೂರು ಸ್ಟಡ್ಡಿನ ಫ್ಲೇಂಜಾದರೆ ಒಂದೊಂದಕ್ಕೂ ಸ್ವಲ್ಪ ಸ್ವಲ್ಪವಾಗಿ, ಮೂರು ಸುತ್ತುಗಳಲ್ಲಿ. ಕೊನೆಯ ಟಾರ್ಕ್ ಆ ಕಾರಿನ ಕೈಪಿಡಿಯಲ್ಲಿದ್ದದ್ದೇ ಪ್ರಮಾಣ. ಸಾಮಾನ್ಯವಾಗಿ ಎಂ8ಕ್ಕೆ 20ರಿಂದ 25, ಎಂ10ಕ್ಕೆ 40ರ ಆಸುಪಾಸಿನ ನ್ಯೂಟನ್ ಮೀಟರ್. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟರೆ ಇದರ ಹಲವು ಪಟ್ಟು ಬಲ ಬಿದ್ದು ಎಂ8 ಸ್ಟಡ್ ತಿರುಚಿ ಮುರಿಯುತ್ತದೆ. ಬಿಗಿದಾದ ಮೇಲೆ ಪೈಪನ್ನು ಕೈಯಿಂದ ಎಲ್ಲ ದಿಕ್ಕಿಗೂ ಅಲುಗಾಡಿಸಿ ನೋಡಿ. ಬಾಡಿ, ಹ್ಯಾಂಡ್‌ಬ್ರೇಕ್ ಕೇಬಲ್, ಇಂಧನದ ಪೈಪು ಯಾವುದಕ್ಕೂ ತಾಗಬಾರದು, 15ರಿಂದ 20 ಮಿ.ಮೀ. ಅಂತರವಾದರೂ ಇರಲಿ. ಬಿಸಿ ತಡೆಯುವ ತಗಡುಗಳನ್ನು ಮರಳಿ ಕೂರಿಸುವುದನ್ನು ಹಲವರು ಬಿಟ್ಟುಬಿಡುತ್ತಾರೆ, ಅವಿಲ್ಲದಿದ್ದರೆ ಮೇಲಿನ ರಬ್ಬರ್ ಬೂಟುಗಳೂ ವೈರುಗಳೂ ಬೆಂದುಹೋಗುತ್ತವೆ.

ಬಯಲಿನಲ್ಲಿ ಸ್ಟಾರ್ಟ್ ಮಾಡಿ ಹದಿನೈದು ನಿಮಿಷ ಓಡಿಸಿ. ಮೊದಲಿಗೆ ಬರುವ ತೆಳು ಹೊಗೆ ಮೈಗೆ ಹತ್ತಿದ ಎಣ್ಣೆ ಮತ್ತು ಪೇಸ್ಟ್ ಸುಡುವುದರಿಂದ, ಅದು ತಾನಾಗಿ ನಿಲ್ಲಬೇಕು. ಸ್ಲಿಪ್ ಜಾಯಿಂಟಿನ ಪೇಸ್ಟ್ ಗಟ್ಟಿಯಾಗುವುದೂ ಈ ನಿಧಾನದ ಬಿಸಿಯಲ್ಲೇ, ಕೂಡಲೇ ಎಂಜಿನ್ ರೇಸ್ ಮಾಡಿದರೆ ಹಸಿ ಪೇಸ್ಟ್ ಊದಿ ಹೊರಗೆ ಬರುತ್ತದೆ. ಮರುದಿನ ತಣ್ಣಗಿನ ಸ್ಟಾರ್ಟಿನಲ್ಲಿ ಮತ್ತೆ ಕಿವಿಗೊಟ್ಟು, ಸಾಬೂನು ನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಸುಮಾರು 100 ಕಿ.ಮೀ. ಓಡಿದ ಬಳಿಕ, ಪೈಪು ಪೂರ್ತಿ ತಣಿದಾಗ, ಚಪ್ಪಟೆ ಫ್ಲೇಂಜಿನ ನಟ್‌ಗಳ ಟಾರ್ಕ್ ನೋಡಿ. ಗ್ರಾಫೈಟ್ ಪ್ಯಾಕಿಂಗ್ ಮೊದಲ ಕೆಲವು ಬಿಸಿಗಳಲ್ಲಿ ಸ್ವಲ್ಪ ಕುಸಿದು ಕೂರುವುದರಿಂದ ಇಲ್ಲಿ ಅಲ್ಪ ಸಡಿಲ ಸಿಗುವುದು ಸಹಜ. ಸ್ಪ್ರಿಂಗ್ ಬೋಲ್ಟುಗಳನ್ನು ಮುಟ್ಟಬೇಕಿಲ್ಲ. ಎರಡನೇ ಬಾರಿಯೂ ಅದೇ ನಟ್ ಸಡಿಲವಾಗಿದ್ದರೆ ಮತ್ತೆ ಬಿಗಿಯುತ್ತಾ ಕೂರುವುದು ಬೇಡ, ಆ ಸ್ಟಡ್ ಹಿಗ್ಗಿದೆ ಅಥವಾ ಅದರ ಥ್ರೆಡ್ ಕಿತ್ತುಬರುತ್ತಿದೆ. ಫ್ಲೇಂಜ್ ತೆರೆದು ಅದನ್ನು ಬದಲಿಸಿ.